ಕುಮಾರಿ ಬೇಡವೆಂದ ವಾಲ್ವ್

೩ ಫೆಬ್ರವರಿ, ಸೋಮವಾರ. ಮುಲುಂಡ್, ಮುಂಬೈ

ಬೆಳಿಗ್ಗೆಯಿಂದ ಟೆಸ್ಟಿಂಗ್. ಹಳೇ ರೇಡಿಯೋಗಳಿಂದ ಬಿಚ್ಚಿದ, ಬಲ್ಬಿನಂಥ ಗಾಜಿನ ವಾಲ್ವ್‌ಗಳು — ಗಿಟಾರ್ ಆಂಪ್ಲಿಫೈಯರ್‌ನವರಿಗೆ ಈಗ ಇವೇ ಬೇಕು. ನಾನು ಮೀಟರ್ ನೋಡುತ್ತೇನೆ. ಆಮೇಲೆ ಕುಮಾರಿ ಒಂದೊಂದನ್ನೂ ಆಂಪ್‌ಗೆ ಸಿಕ್ಕಿಸಿ, ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ, ಸ್ಪೀಕರ್‌ಗೆ ಕಿವಿ ಕೊಡುತ್ತಾಳೆ. ಕಲಿಸಿದವನು ನಾನೇ. ಮದುವೆಯಾದ ಹೊಸದರಲ್ಲಿ ಅವಳಿಗೆ ವಾಲ್ವ್ ಎಂದರೆ ನಲ್ಲಿಯ ವಾಲ್ವ್!

ಸಂಜೆ ಬೊರಿವಲಿಯ ಗಿಟಾರಿಸ್ಟ್ ರಾಹುಲ್ ಬಂದ. ಶನಿವಾರ ಶೋ ಇದೆಯಂತೆ. ನಾನು ಕೊಟ್ಟ ವಾಲ್ವ್ ತಿರುಗಿಸಿ ನೋಡಿ, "ಭಾಭಿ ನೇ ಸುನಾ ಕ್ಯಾ?" ಎಂದ — ಕುಮಾರಿ ಕೇಳಿ ನೋಡಿದ್ದಾಳಾ ಎಂದು.

ಮೀಟರ್ ನನ್ನದು. ದಂಧೆ ನನ್ನದು. ಭಾಭಿ ನೇ ಸುನಾ ಕ್ಯಾ...

ಕುಮಾರಿ ತಟ್ಟಿದಳು. "ಇದು ಬ್ಯಾಡ್ರಿ. ಒಳಗ ಏನೋ ಗುಂಯ್ ಅಂತೈತಿ."

ನನಗೇನೂ ಕೇಳಿಸಲಿಲ್ಲ. ಮೀಟರ್‌ನಲ್ಲಿ ಅದೇ ಎಲ್ಲಕ್ಕಿಂತ ಸ್ಟ್ರಾಂಗ್. ಅವಳು ಬೇರೊಂದು ಆರಿಸಿ ಡಬ್ಬಿಗೆ ಹಾಕಿಟ್ಟಳು. ಶುಕ್ರವಾರ ಬಂದು ಒಯ್ಯುತ್ತೇನೆಂದು ರಾಹುಲ್ ಹೋದ.

೭, ಶುಕ್ರವಾರ

ಕುಮಾರಿ ಮಾರ್ಕೆಟ್‌ಗೆ ಹೋಗಿದ್ದಾಗ ರಾಹುಲ್ ಬಂದ. ಅವಳು ಆರಿಸಿದ್ದನ್ನು ತೆಗೆದು, ಬೇಡವೆಂದದ್ದನ್ನೇ ಡಬ್ಬಿಗೆ ಹಾಕಿ ಕೊಟ್ಟೆ.

"ಭಾಭಿವಾಲಾ ಹೈ ನಾ?" ಭಾಭಿ ಆರಿಸಿದ್ದೇ ತಾನೇ ಎಂದು ಕೇಳಿದ.

"ಹಾಂ."

ನೋಡೇಬಿಡೋಣ — ಅವಳ ಕಿವಿಯೋ, ನನ್ನ ಮೀಟರೋ.

೯, ಭಾನುವಾರ

ಹಾಡಿನ ನಡುವೆ ಆಂಪ್ ಸೀಟಿ ಹೊಡೆದ ಹಾಗೆ ಕೂಗಿತಂತೆ. ಜನ ನಕ್ಕರಂತೆ. ರಾಹುಲ್ ವಾಲ್ವ್ ತಂದು ಟೇಬಲ್ ಮೇಲಿಟ್ಟ. ಕುಮಾರಿ ಅದನ್ನು ನೋಡಿದಳು. ಆಮೇಲೆ ನನ್ನನ್ನು. ಬದಲಿಸಿದ್ದು ನಾನೆಂದು ಅವಳಿಗೆ ಗೊತ್ತಾಗಿಹೋಯಿತು.

"ಮೇರಾ ಗಲತಿ, ಭೈಯಾ," ಎಂದಳು. ತಪ್ಪು ತನ್ನದಂತೆ!

"ಅರೇ ಭಾಭಿ, ಹೋತಾ ಹೈ!" ಇದೆಲ್ಲ ಆಗುವುದೇ ಎಂಬಂತೆ ರಾಹುಲ್ ನಕ್ಕುಬಿಟ್ಟ.

ಹೋದ ವರ್ಷ ನಾನು ಕೊಟ್ಟದ್ದು ಕೆಟ್ಟಾಗ ಇದೇ ರಾಹುಲ್ ವಾರಗಟ್ಟಲೆ ಫೋನ್ ಎತ್ತಿರಲಿಲ್ಲ. ಅವಳಿಗಾದರೆ ಹೋತಾ ಹೈ.

ಅವನು ಹೋದ ಮೇಲೆ ಕುಮಾರಿ ಕೇಳಿದ್ದು ಇಷ್ಟೇ: "ನನ್ನ ಕಿವಿ ಮ್ಯಾಲೆ ಯಾಕ್ರಿ ಇಷ್ಟು ಹೊಟ್ಟಿಕಿಚ್ಚು?"

ನಾನು ಮೀಟರ್ ಒರೆಸುತ್ತ ಕೂತೆ.

೨೦, ಗುರುವಾರ

ಅಂದಿನಿಂದ ಬೆಂಚಿನ ಹತ್ತಿರ ಸುಳಿದಿಲ್ಲ. ಊಟ ಬಡಿಸುತ್ತಾಳೆ, ಮಾತಿಲ್ಲ. ಗಿರಾಕಿಗಳು "ಭಾಭಿ ಕಹಾಂ?" ಎಂದು ಕೇಳಿ ವಾಪಸ್ ಹೋಗುತ್ತಾರೆ. ಒಬ್ಬನೇ ತಟ್ಟುತ್ತೇನೆ. ಎಲ್ಲವೂ ಒಂದೇ ಸದ್ದು.

ತಡೆಯಲಾಗಲಿಲ್ಲ. ರಾಹುಲ್‌ಗೆ ಫೋನ್ ಮಾಡಿದೆ. ಬದಲಿಸಿದ್ದು ನಾನು, ಅವಳಲ್ಲ ಎಂದೆ. ಬೈಯಲಿ ಎಂದು ಕಾದೆ.

"ಮಾಲೂಮ್ ಥಾ," ಎಂದ. "ಭಾಭಿ ಗಲತಿ ನಹೀಂ ಕರತೀ." ಅವನಿಗೆ ಮೊದಲೇ ಗೊತ್ತಿತ್ತಂತೆ, ಭಾಭಿ ತಪ್ಪು ಮಾಡುವುದಿಲ್ಲವಂತೆ.

ನನ್ನ ತಪ್ಪು ನಾನೇ ಒಪ್ಪಿಕೊಂಡರೂ ಹೊಗಳಿಕೆ ಅವಳಿಗೆ!

೨೧, ಶುಕ್ರವಾರ

ನಿನ್ನೆ ಫೋನಿನ ಮಾತು ಕೇಳಿಸಿಕೊಂಡಿದ್ದಳೇನೋ. ತಾನೇ ಬಂದಳು. "ಸರೀರಿ ಆಕಡೆ." ಅದೇ ವಾಲ್ವ್ ಸಿಕ್ಕಿಸಿ ತಟ್ಟಿದಳು. "ಕೇಳಿಸ್ತೇನ್ರಿ?"

"ಹೂಂ," ಎಂದೆ. ಸುಳ್ಳು.

ಸುಳ್ಳೆಂದು ಅವಳಿಗೂ ಗೊತ್ತು. ಆದರೂ ಎದ್ದು ಹೋಗಲಿಲ್ಲ, ಕಾಯುತ್ತ ಕೂತಳು. ನನಗೆ ಕೇಳಿಸಲಿಲ್ಲ, ಕಲಿಸು — ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಮೀಟರ್ ತಿರುಗಿಸುತ್ತ ಕೂತೆ; ಕೊನೆಗೆ ಅವಳೇ ಎದ್ದು ಹೋದಳು. ಈಗ ಅಡುಗೆಮನೆಯಲ್ಲಿದ್ದಾಳೆ. ಹೋಗಿ ಅಷ್ಟನ್ನೇ ಹೇಳುತ್ತೇನೆ.