ಎಪ್ಪತ್ತೆಂಟು ಡಿಗ್ರಿಯ ಮದುವೆ

೯ ಮೇ ೨೦೦೪, ಮಧ್ಯಾಹ್ನ
ಕಂಪ್ಯೂಟರ್ ಪುನಃ ಆಫ್. ಎಪ್ಪತ್ತೆಂಟು ಡಿಗ್ರಿ ತೋರಿಸಿತು, ಟಪ್ — ಸ್ಕ್ರೀನ್ ಕಪ್ಪು. ಮದುವೆ ವೀಡಿಯೋದ ತುಂಡುಗಳನ್ನು ಒಂದಾಗಿ ಜೋಡಿಸುವ ರೆಂಡರ್ ಮಧ್ಯೆ ನಿಂತರೆ ಪುನಃ ಮೊದಲಿನಿಂದ. ಬೇಗ ಮುಗಿಯಲೆಂದು ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ ಸ್ಪೀಡ್ ಏರಿಸಿದವಳು ನಾನೇ. ಅನುಭವಿಸು.

ಅಕ್ಕ ಹಫ್ಸಳ ಮದುವೆಗೆ, ಸ್ವಂತ ಮಗಳ ಮದುವೆಗೆ, ಉಪ್ಪನಿಗೆ ಸೌದಿಯ ದಮ್ಮಾಮಿನಲ್ಲಿ ರಜೆ ಸಿಗಲಿಲ್ಲ. ಸಿಡಿಯಲ್ಲಾದರೂ ನೋಡಲಿ. ಪಕ್ಕದ ಮನೆಯ ಶಾಹುಲ್ ಕಾಕ ಶುಕ್ರವಾರ ಅಲ್ಲಿಗೆ ಹೊರಡುತ್ತಾರೆ, ಅವರ ಕೈಯಲ್ಲಿ ಕೊಡಬೇಕು. ಈ ದರಿದ್ರ ಡಬ್ಬಿಗೆ ಅದು ಅರ್ಥವಾಗಬೇಕಲ್ಲ!

೧೧ ಮೇ
ಬಿ.ಸಿ.ರೋಡಿಗೆ ಹೋಗಿ ಪೇಸ್ಟ್ ತಂದೆ. ಪ್ರೊಸೆಸರಿನ ಶಾಖ ಎಳೆಯಲು ಹಚ್ಚುವುದು. ಕಂಪ್ಯೂಟರ್ ಅಂಗಡಿಯ ಜಿತೇಶ್ ನಕ್ಕ.
"ಸ್ಪೀಡ್ ಇಳಿಸಿ ಮಾರಾಯ್ರೆ. ತನ್ನಿಂತಾನೇ ತಣ್ಣಗಾಗ್ತದೆ."
"ಇಳಿಸಿದ್ರೆ ಇಡೀ ದಿನ ಬೇಕು. ಈ ಊರಲ್ಲಿ ಅಷ್ಟು ಹೊತ್ತು ಕರೆಂಟ್ ಉಂಟಾ?"
ಅದಕ್ಕೆ ಅವನಲ್ಲಿ ಪೇಸ್ಟ್ ಇಲ್ಲ.

೧೨ ಮೇ, ಸಂಜೆ
ಪೇಸ್ಟ್ ಹಚ್ಚಿದೆ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ. ಅರುವತ್ತೆರಡು! ರೆಂಡರ್ ಓಡಲು ಬಿಟ್ಟು ಖುಷಿಯಲ್ಲಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ... ಯಾ ಅಲ್ಲಾಹ್. ಮೂಡುಬಿದಿರೆಯಿಂದ ಅಕ್ಕನ ಗಂಡನ ಮನೆಯವರು ಬಂದರೆಂದು ಉಮ್ಮ ತಗಡು ಮುಚ್ಚಿ, ಫ್ಯಾನ್ ಚಾವಡಿಗೆ ಒಯ್ದು, ಕಂಪ್ಯೂಟರಿಗೆ ಲೇಸಿನ ಕವರ್ ಹೊದಿಸಿದ್ದಾರೆ! ಟಿ.ವಿ., ಮಿಕ್ಸಿ, ಫೋನು — ಎಲ್ಲದಕ್ಕೂ ಹೊಲಿದಾಗ ಇದಕ್ಕೂ ಹೊಲಿದದ್ದು. ಒಳಗೆ ದಮ್ಮಿಗಿಟ್ಟ ಬಿರಿಯಾನಿಯ ಹಾಗೆ ಬೆಂದು ಆಫ್ ಆಗಿತ್ತು.
"ಉಮ್ಮ, ಏನು ಮಾಡಿದ್ರಿ!"
"ಉಪ್ಪ ಕಳಿಸಿದ ಸಾಮಾನು. ಹೊಟ್ಟೆ ಬಿಚ್ಚಿ ಇಟ್ರೆ ಬಂದವರು ಏನು ಹೇಳಿಯಾರು?"
ತಲೆ ಗೋಡೆಗೆ ಚಚ್ಚಿಕೊಳ್ಳುವುದೊಂದು ಬಾಕಿ.

೧೩ ಮೇ
ಸಾಕಪ್ಪಾ ಸಾಕು. ವೀಡಿಯೋದ ಕೊನೆಯ ತುಂಡು ಕತ್ತರಿಸಿ ಬದಿಗೆ ಹಾಕಿದೆ. ನಿಕಾಹ್ ಉಂಟು, ಊಟ ಉಂಟು, ಮದುಮಗಳ ಸುತ್ತ ಹುಡುಗಿಯರು ಕೈತಟ್ಟಿ ಹಾಡಿದ ಒಪ್ಪನೆ ಹಾಡು ಉಂಟು. ಉಳಿದದ್ದು ಹೆಂಗಸರ ಅಳು, ಕಾರಿನ ಬಾಗಿಲು. ಅದನ್ನು ಬೇರೆ ಸಿಡಿಗೆ ಹಾಕಬಹುದಿತ್ತು... ಯಾರಿಗೆ ಬೇಕು? ಎಪ್ಪತ್ತಾರರಲ್ಲಿ ಮುಗಿಯಿತು, ಆಫ್ ಆಗಲಿಲ್ಲ. ಸಿಡಿ ಶಾಹುಲ್ ಕಾಕನ ಪೆಟ್ಟಿಗೆಯಲ್ಲಿ, ಹಪ್ಪಳದ ಕಟ್ಟುಗಳ ನಡುವೆ. ಗೆದ್ದೆ.

೨೧ ಮೇ, ಶುಕ್ರವಾರ
ಉಪ್ಪನ ಫೋನ್. ರೂಮಿನವರೆಲ್ಲ ಸೇರಿ ನೋಡಿದರಂತೆ. ತುಂಬ ಹೊಗಳಿದರು. ಆಮೇಲೆ ಸ್ವರ ತಗ್ಗಿಸಿ ಕೇಳಿದರು.
"ಮಾಜಿದಾ, ಇನ್ನೊಂದು ಸಿಡಿ ಉಂಟಾ?"
"ಇಲ್ಲ ಉಪ್ಪ. ಯಾಕೆ?"
"ಹಫ್ಸ ಮನೆಯಿಂದ ಇಳಿಯುವುದು ಇದರಲ್ಲಿ ಇಲ್ಲ... ಇಳಿಯುವಾಗ ನನ್ನನ್ನು ಕೇಳಿದಳಾ?"

ಕೇಳಿದ್ದಳು. ಕಾರಿನ ಬಾಗಿಲು ಬಿಡದೆ "ಉಪ್ಪ, ಉಪ್ಪ" ಎಂದೇ ಅತ್ತದ್ದು. ಆ ತುಂಡನ್ನು ಎಷ್ಟು ಸಲ ಓಡಿಸಿದ್ದೇನೆ ನಾನು! ಡಿಗ್ರಿ ಮಾತ್ರ ನೋಡುತ್ತಾ ಕೂತಿದ್ದೆ. ಥೂ, ನನ್ನ ಕಣ್ಣಿಗಿಷ್ಟು...

ಸ್ಪೀಡ್ ಇಳಿಸಿ, ಬದಿಗೆ ಹಾಕಿದ್ದ ಆ ತುಂಡನ್ನು ರೆಂಡರಿಗೆ ಕೊಟ್ಟೆ. ಎಷ್ಟು ಹೊತ್ತಾದರೂ ಆಗಲಿ. ದಮ್ಮಾಮಿಗೆ ಹೊರಡುವವರು ಇನ್ನೊಬ್ಬರು ಸಿಕ್ಕೇ ಸಿಗುತ್ತಾರೆ. ಐವತ್ತೊಂದು ಡಿಗ್ರಿ. ಅಕ್ಕ ಮೆಟ್ಟಿಲು ಇಳಿದಳು. ತಿರುಗಿ ನೋಡಿದಳು. ಈಗ ಕಾರಿನ ಬಾಗಿಲು — ಬರೆಯುವುದು ಸಾಕು, ನೋಡಬೇಕು.