ಏಡಿ ವಡೆಯ ಬಗ್ಗೆ ಆ ಮಾತಾಡಿದ ವ್ಯಕ್ತಿ-೨ ನಾನೇ

ಮಾನ್ಯ ಬೇಹುಗಾರಿಕೆ ನಿರ್ದೇಶಕರೇ,

ನಿಮ್ಮ ವರದಿಯಲ್ಲಿ ನನ್ನ ಹೆಸರಿನ ಮೇಲೆ ಬಳಿದಿರುವ ಮಸಿಯನ್ನು ದಯವಿಟ್ಟು ಒರೆಸಿ. ಅದು ನನ್ನನ್ನು ಕಾಪಾಡುತ್ತಿದೆ, ನಿಜ. ಆದರೆ ನನ್ನ ಗೆಳತಿ ಇಡಾ ಪ್ರೂಯಿಟ್‌ಳ ಮಾನ ಕಳೆಯುತ್ತಿದೆ.

ಸಂಗತಿ ನಿಮಗೆ ಚೆನ್ನಾಗಿಯೇ ಗೊತ್ತು, ಕದ್ದು ಕೇಳಿದವರು ನೀವೇ. ಆದರೂ ಈ ಪತ್ರ ಅಚ್ಚಾಗುವ ಪತ್ರಿಕೆಯ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಕೊಲ್ಲಿಯ ದಡದಲ್ಲಿ ವಿದೇಶಿ ರಾಯಭಾರಿಯೊಬ್ಬರ ಬೇಸಿಗೆ ಮನೆಯಿದೆ. ಅಲ್ಲಿಗೆ ನಾನು ಬಿಡಿಸಿದ ಏಡಿಮಾಂಸ ಕೊಡುತ್ತೇನೆ, ಇಡಾ ಕೇಕು ಕೊಡುತ್ತಾಳೆ. ಮೇ ತಿಂಗಳಲ್ಲಿ ರಾಯಭಾರಿ ನನಗೆ ಫೋನ್ ಮಾಡಿ, ನಮ್ಮೂರ ಅಗ್ನಿಶಾಮಕ ದಳದ ಸಹಾಯಾರ್ಥ ಊಟಕ್ಕೆ ಬರಬಹುದೇ ಎಂದು ಕೇಳಿದರು. "ಬನ್ನಿ. ಆದ್ರೆ ಏಡಿ ವಡೆ ಮಾತ್ರ ಮುಟ್ಬೇಡಿ, ಮುಕ್ಕಾಲು ಪಾಲು ಬ್ರೆಡ್ಡೇ. ಏಡಿ ಪಕ್ಕದಲ್ಲಿ ಹಾದುಹೋಗಿರುತ್ತೆ, ಅಷ್ಟೇ" ಎಂದೆ. ಇದರಿಂದ ದೇಶದ ಭದ್ರತೆಗೆ ಏನು ಅಪಾಯವೋ, ರಾಯಭಾರಿಯ ಫೋನಿಗೆ ಕಿವಿಯಿಟ್ಟಿದ್ದ ನಿಮ್ಮವರು ಬರೆದುಕೊಂಡರು. ಹೆಸರಿನ ಜಾಗದಲ್ಲಿ 'ಅಮೆರಿಕನ್ ವ್ಯಕ್ತಿ-೨, ರಾಯಭಾರಿಯ ಮನೆಗೆ ತಿನಿಸು ಒದಗಿಸುವ ಮಹಿಳೆ' ಎಂದು ಹಾಕಿದರು. ಭಲೇ ಮುಖವಾಡ. ಊರಲ್ಲಿ ಅಂಥವರು ಇಬ್ಬರೇ ಇದ್ದೇವೆ.

ಆಮೇಲೆ ಸರ್ಕಾರದ ಹದಿನಾಲ್ಕು ಅಧಿಕಾರಿಗಳು ವ್ಯಕ್ತಿ-೨ ಯಾರೆಂದು ನಿಮ್ಮನ್ನು ಕೇಳಿ ತಿಳಿದುಕೊಂಡರಂತೆ. ಕೇಳಿದ್ದು ರಾಜಕೀಯ ಹಗೆಯಿಂದ ಎಂದು ಒಂದು ಪಕ್ಷ, ಕರ್ತವ್ಯಕ್ಕಾಗಿ ಎಂದು ಇನ್ನೊಂದು ಪಕ್ಷ ಸಂಸತ್ತಿನಲ್ಲಿ ಕಿತ್ತಾಡುತ್ತಲೇ ಇವೆ. ಆ ಜಗಳದಲ್ಲಿ ಯಾರೋ ವರದಿಯ ಪುಟವನ್ನು ಪತ್ರಿಕೆಗೆ ದಾಟಿಸಿದರು. ನಮ್ಮೂರಿನವರು ರಾಯಭಾರಿಯನ್ನು ಬಿಟ್ಟು ಬ್ರೆಡ್ಡಿನ ಸಾಲನ್ನೇ ಓದಿದರು. ಇಡಾಳದು ಒರಟು ನಾಲಿಗೆ, ನನ್ನದು ಚರ್ಚಿನಲ್ಲಿ ಹಾಡುವ ಬಾಯಿ. ಅನುಮಾನ ಯಾರ ಮೇಲೆ ಹೋಯಿತೆಂದು ಬಿಡಿಸಿ ಹೇಳಬೇಕೇ? ಮೂವತ್ತೊಂದು ವರ್ಷ ಆ ಊಟಕ್ಕೆ, ಮಹಿಳಾ ಮಂಡಳಿ ಕಲಸಿಕೊಟ್ಟ ವಡೆಯನ್ನು ಕರಿದವಳನ್ನು ಅಡುಗೆಮನೆಯಿಂದ ಹೊರಗೆ ಹಾಕಿದರು.

ಒಂದು ವಾರ ನಾನು ಬಾಯಿಬಿಡಲಿಲ್ಲ. ನಿಮ್ಮ ಮುಖವಾಡ ನನಗೆ ಹಿತವಾಗಿತ್ತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎಂಟನೆಯ ದಿನ, ಊಟ ನಡೆಸುವ ಮಹಿಳಾ ಮಂಡಳಿಯ ಸಭೆಯಲ್ಲಿ ಎದ್ದು ನಿಂತು "ಅದು ನಾನೇ" ಎಂದೆ. ಅಧ್ಯಕ್ಷೆ ಓಪಲ್ ಟಲ್ ಕಣ್ಣೊರೆಸಿಕೊಂಡು, "ಗೆಳತಿಗೋಸ್ಕರ ಅಪವಾದ ಮೈಮೇಲೆ ಹಾಕ್ಕೊಳ್ತಿದ್ದೀಯಲ್ಲ ವರ್ನಾ, ಎಂಥಾ ದೊಡ್ಡ ಮನಸ್ಸು ಕಣೇ ನಿಂದು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿ, ಇಡಾಳ ಬಾಣಲೆಯನ್ನು ನನಗೇ ವಹಿಸಿದರು.

ನಂಬಿದವಳು ಇಡಾ ಒಬ್ಬಳೇ. "ನೀನೇ ಅಂತ ಗೊತ್ತಿತ್ತು ಬಿಡು. ಬ್ರೆಡ್ಡಿನ ಮಾತೂ ನಿಜಾನೇ. ಆದ್ರೆ ನನ್ ಜಾಗದಲ್ಲಿ ನೀನು ನಿಂತ್ಕೊಳ್ಳೋದನ್ನ ನನ್ ಕೈಲಿ ನೋಡೋಕಾಗಲ್ಲ" ಎಂದು ಬಾಗಿಲು ಹಾಕಿಕೊಂಡಳು. ಅಂದಿನಿಂದ ಮಾತಿಲ್ಲ.

ನಿಮ್ಮ ಕಚೇರಿಗೆ ಬರೆದೆ. ವ್ಯಕ್ತಿ-೨ ನಾನೆಂದು ದೃಢಪಡಿಸಲೂ ಬರುವುದಿಲ್ಲ, ಅಲ್ಲಗಳೆಯಲೂ ಬರುವುದಿಲ್ಲ, ವ್ಯಕ್ತಿ-೨ರ ಖಾಸಗಿತನ ಕಾಪಾಡುವುದು ತಮ್ಮ ಹೊಣೆ ಎಂದು ಉತ್ತರ ಬಂತು. ಯಾರಿಂದ ಕಾಪಾಡುತ್ತಿದ್ದೀರಿ, ನನ್ನಿಂದಲೇ? ಹದಿನಾಲ್ಕು ಜನ ಕೇಳಿದಾಗ ಕೊಟ್ಟಿರಿ. ಹದಿನೈದನೆಯವಳಾಗಿ ನಾನು ಕೇಳಿದರೆ ಕಾನೂನು ನೆನಪಾಯಿತೇ?

ಈ ಪತ್ರವನ್ನೂ ಊರು ನಂಬುವುದಿಲ್ಲ, ನನ್ನ ಮನಸ್ಸು ಇನ್ನಷ್ಟು ದೊಡ್ಡದಾಯಿತು ಎನ್ನುತ್ತದೆ. ನಾನು ಹೇಳಿದರೆ ನಂಬದವರು, ನೀವು ಕದ್ದು ಕೇಳಿ ಬರೆದರೆ ನಂಬುತ್ತಾರೆ. ಆದ್ದರಿಂದ ಬರುವ ಶನಿವಾರ ಬೆಳಗ್ಗೆ ಹತ್ತಕ್ಕೆ ರಾಯಭಾರಿಗೆ ಫೋನ್ ಮಾಡಿ, ಆ ಮಾತಾಡಿದ್ದು ವರ್ನಾ ಬೋಜ್‌ಮನ್, ಇಡಾ ಅಲ್ಲ ಎಂದು ನಿಧಾನವಾಗಿ ಎರಡು ಸಲ ಹೇಳುತ್ತೇನೆ. ನಿಮ್ಮವರು ಪೆನ್ನು ಹಿಡಿದು ಕೂತಿರಲಿ, ಈ ಸಲ ಹೆಸರು ಮುಚ್ಚದಿರಲಿ. ಪತ್ರಿಕೆಗೆ ದಾಟಿಸುವವರು ಬೇಗ ದಾಟಿಸಲಿ. ಮುಂದಿನ ಊಟ ಆಗಸ್ಟ್ ಒಂಬತ್ತಕ್ಕೆ, ಅಷ್ಟರೊಳಗೆ ಇಡಾ ತನ್ನ ಬಾಣಲೆಯ ಮುಂದೆ ನಿಂತಿರಬೇಕು. ಆವತ್ತು ನಾನು ತಟ್ಟೆ ತೊಳೆಯುತ್ತೇನೆ.

ಇಂತಿ,
ನಿಮ್ಮ ಹದಿನಾಲ್ಕು ಅಧಿಕಾರಿಗಳಿಗೆ ವರ್ನಾ ಬೋಜ್‌ಮನ್,
ಊರಿಗೆ ದೊಡ್ಡ ಮನಸ್ಸಿನವಳು,
ಇಡಾಳಿಗೆ ಸದ್ಯಕ್ಕೆ ಯಾರೂ ಅಲ್ಲ