ಸಪ್ನಾಳ ಮದುವೆ ಪತ್ರಿಕೆ

ಮಂಗಳವಾರ, ನವೆಂಬರ್ ೧೮



ಸಂಜೆ ಕಪನೂರದ ದಾಲ್‌ಮಿಲ್ಲಿನಿಂದ ಮನೆಗೆ ಬಂದರೆ, ಕಮಲಾಪುರದ ಚಿಗವ್ವ ಸಾವಿತ್ರಿಬಾಯಿ ಹೊಸ್ತಿಲ ಮೇಲೆ ಕೂತಿದ್ದಳು. ಚೀಲದಲ್ಲಿ ಕೆಂಪು ಬಾಳೆಹಣ್ಣು, ನನ್ನ ಮಗಳು ಸಪ್ನಾಳಿಗೆಂದು ಹಸಿರು ಸೀರೆ. ಮುಖ ಮಾತ್ರ ಬಿಗಿದಿತ್ತು.

"ಸಪ್ನಾನ ಮದಿವಿ ನನಗ ಫೋನಿನ್ಯಾಗ ತಿಳಿಬೇಕೇನ? ಬಂದು ಕುಂಕುಮ ಹಚ್ಚಿ ಕರೀಲಿಕ್ಕ ಆಗಲಿಲ್ಲೇನ?"

ಯಾವ ಮದುವೆ? ಸಪ್ನಾ ಇನ್ನೂ ನರ್ಸಿಂಗ್ ಎರಡನೇ ವರ್ಷ!

ಚಿಗವ್ವನ ಫೋನ್ ಕಸಿದು ನೋಡಿದೆ. ನನ್ನದೇ ಫೋಟೊ, ನನ್ನದೇ ನಂಬರು. 'ನಮ್ಮ ಮನೆಯ ಮದುವೆ, ಪತ್ರಿಕೆ ತೆರೆದು ನೋಡಿ.' ಮೊನ್ನೆ ಮಿಲ್ಲಿನ ಮಾಪಣ್ಣನ ಹೆಸರಲ್ಲಿ ನನಗೂ ಇಂಥದ್ದೇ ಬಂದಿತ್ತು. ಒತ್ತಿದೆ, ಏನೂ ತೆರೆಯಲಿಲ್ಲ, ಮರೆತೆ. ಅದು ನನ್ನ ಫೋನಿನೊಳಗೆ ಕೂತು ನನ್ನ ಬಳಗಕ್ಕೆಲ್ಲ ಪತ್ರಿಕೆ ಹಂಚಿದೆ.

ಚಿಗವ್ವನೂ ಒತ್ತಿದ್ದಾಳೆ. ಕಣ್ಣಿನ ಆಪರೇಷನ್ನಿಗೆ ಕೂಡಿಟ್ಟದ್ದು ಖಾತೆಯಲ್ಲಿಲ್ಲ.

ಸೈಬರ್ ವಂಚನೆಯ ಸಹಾಯವಾಣಿ ೧೯೩೦ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ನನ್ನ ಹೆಸರಲ್ಲಿ ಬಂದದ್ದನ್ನು ಮುಟ್ಟಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿದೆ.

ಚಿಗವ್ವ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೀರೆಯ ಮಡಿಕೆ ಸವರುತ್ತ ಇಷ್ಟೇ ಅಂದಳು:

"ಮಂದಿ ಕಳಿಸಿದ್ದು ನಾ ಮುಟ್ಟಂಗಿಲ್ಲವ್ವ. ಫೋಟೊದಾಗ ನಿನ್ನ ಮಾರಿ ಕಾಣ್ತು, ಒತ್ತಿನಿ."